ಫಲಿತಾಂಶದ ಸಂಜೆ ಹುಟ್ಟುವ ಸರ್ಕಾರಗಳು

2018ರ ಮೇ 15ರ ಬೆಳಿಗ್ಗೆ ಮತ ಎಣಿಕೆ ಆರಂಭವಾದಾಗ ಕಾಂಗ್ರೆಸ್ಸಿಗೂ ಜೆಡಿಎಸ್‌ಗೂ ಎಣ್ಣೆ ಸೀಗೆಕಾಯಿ ಸಂಬಂಧ. ಪ್ರಚಾರದ ಉದ್ದಕ್ಕೂ ಕಾಂಗ್ರೆಸ್ ನಾಯಕರು ಜೆಡಿಎಸ್ ಅನ್ನು ಬಿಜೆಪಿಯ ‘ಬಿ ಟೀಮ್’ ಎಂದು ಜರಿದಿದ್ದರು. ಮಂಡ್ಯ, ಹಾಸನ, ಮೈಸೂರು, ರಾಮನಗರ ಜಿಲ್ಲೆಗಳಲ್ಲಂತೂ ಸ್ಪರ್ಧೆ ಇದ್ದದ್ದೇ ಈ ಎರಡು ಪಕ್ಷಗಳ ನಡುವೆ. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಸ್ಪಷ್ಟವಾಯಿತು: ಮತದಾನ ನಡೆದ 222 ಕ್ಷೇತ್ರಗಳಲ್ಲಿ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಬಹುಮತಕ್ಕೆ ಬೇಕಿದ್ದದ್ದು 112. ಸಂಜೆಯಾಗುವುದರೊಳಗೆ 78 ಸ್ಥಾನ ಗೆದ್ದ ಪಕ್ಷವು 37 ಸ್ಥಾನ ಗೆದ್ದ ಪಕ್ಷಕ್ಕೆ ಮುಖ್ಯಮಂತ್ರಿ ಹುದ್ದೆಯನ್ನು ತಾನಾಗಿಯೇ ಒಪ್ಪಿಸಿತು.

ಅತಿದೊಡ್ಡ ಪಕ್ಷದ ನಾಯಕರೆಂದು ಮೇ 17ರಂದು ಪ್ರಮಾಣವಚನ ಸ್ವೀಕರಿಸಿದ ಬಿ.ಎಸ್. ಯಡಿಯೂರಪ್ಪನವರು, ಸುಪ್ರೀಂ ಕೋರ್ಟ್ ವಿಶ್ವಾಸಮತಕ್ಕೆ ಗಡುವು ವಿಧಿಸಿದ್ದರಿಂದ 19ರಂದೇ ರಾಜೀನಾಮೆ ಕೊಟ್ಟರು. 23ರಂದು ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. ಆ ವೇದಿಕೆಯ ಮೇಲೆ ದೇಶದ ವಿರೋಧ ಪಕ್ಷಗಳ ನಾಯಕರೆಲ್ಲ ಕೈ ಕೈ ಹಿಡಿದು ಮೇಲೆತ್ತಿದರು. ಹದಿನಾಲ್ಕು ತಿಂಗಳ ಬಳಿಕ, 2019ರ ಜುಲೈ 23ರಂದು, ಅದೇ ಸರ್ಕಾರ 99–105 ಮತಗಳಿಂದ ವಿಶ್ವಾಸಮತ ಕಳೆದುಕೊಂಡಿತು.

ಇಂಥ ಪ್ರಸಂಗಗಳನ್ನು ಕಂಡ ಕನ್ನಡಿಗರಲ್ಲಿ ಒಂದು ಅಭಿಪ್ರಾಯ ಬೇರೂರಿದೆ: ಮೈತ್ರಿ ಸರ್ಕಾರ ಎಂದರೆ ರೆಸಾರ್ಟು, ಖಾತೆ ಕ್ಯಾತೆ, ಕೊನೆಗೊಂದು ದಿನ ಕೈಕೊಡುವುದು. ಆದರೆ ಅದೇ ಕರ್ನಾಟಕದ ಚರಿತ್ರೆ, ಪಕ್ಕದ ಕೇರಳದ ಚರಿತ್ರೆ, ದೆಹಲಿಯ ಚರಿತ್ರೆ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೇರೊಂದು ವಿಷಯ ಕಾಣುತ್ತದೆ. ಎಷ್ಟು ಪಕ್ಷಗಳು ಸೇರಿದವು ಎನ್ನುವುದಕ್ಕಿಂತ, ಅವು ಯಾವಾಗ ಸೇರಿದವು ಮತ್ತು ಏತಕ್ಕಾಗಿ ಸೇರಿದವು ಎನ್ನುವುದೇ ಸರ್ಕಾರದ ಆಯುಸ್ಸನ್ನು ತೀರ್ಮಾನಿಸಿದೆ.

ಒಳಗಿನವರು, ಹೊರಗಿನವರು

ನಮ್ಮ ಸಂವಿಧಾನಕ್ಕೆ ಮೈತ್ರಿ ಸರ್ಕಾರ, ಏಕಪಕ್ಷ ಸರ್ಕಾರ ಎಂಬ ಭೇದವಿಲ್ಲ. 164ನೇ ವಿಧಿ ಕೇಳುವುದು ಇಷ್ಟೇ: ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರಬೇಕು. ಅಂದರೆ ಸದನದ ವಿಶ್ವಾಸ ಇರುವಷ್ಟು ದಿನ ಸರ್ಕಾರ, ಹೋದ ದಿನ ಮನೆಗೆ. ಆ ವಿಶ್ವಾಸವನ್ನು ಯಾರ ಜೊತೆ ಕೂಡಿ ಗಳಿಸಿದಿರಿ ಎಂದು ಸಂವಿಧಾನ ಕೇಳುವುದಿಲ್ಲ.

ವ್ಯವಹಾರದಲ್ಲಿ ಮಾತ್ರ ಮೈತ್ರಿಗೆ ಮೂರು ಬಗೆಗಳಿವೆ. ಮೊದಲನೆಯದು ಚುನಾವಣಾ ಪೂರ್ವ ಮೈತ್ರಿ: ಪಕ್ಷಗಳು ಕ್ಷೇತ್ರಗಳನ್ನು ಹಂಚಿಕೊಂಡು, ಒಟ್ಟಾಗಿ ಜನರ ಮುಂದೆ ಹೋಗುತ್ತವೆ. ಎರಡನೆಯದು ಫಲಿತಾಂಶದ ನಂತರದ ಮೈತ್ರಿ: ಎದುರಾಳಿಗಳಾಗಿ ಹೋರಾಡಿದವರು ಅತಂತ್ರ ಸದನ ಬಂದಾಗ ಸೇರಿ ಸಂಪುಟ ರಚಿಸುತ್ತಾರೆ. ಮೂರನೆಯದು ಬಾಹ್ಯ ಬೆಂಬಲ: ಒಂದು ಪಕ್ಷ ಅಧಿಕಾರ ನಡೆಸುತ್ತದೆ, ಇನ್ನೊಂದು ಮಂತ್ರಿಗಿರಿ ಬೇಡವೆಂದು ಹೊರಗೆ ಕುಳಿತು ಮತ ಕೊಡುತ್ತದೆ. ಹೊರಗಿನವರಿಗೆ ಸರ್ಕಾರದ ಕೆಟ್ಟ ಹೆಸರಿನಲ್ಲಿ ಪಾಲಿಲ್ಲ, ಆದರೆ ಅದರ ಕೊರಳಿನ ಹಗ್ಗ ಸದಾ ಅವರ ಕೈಯಲ್ಲೇ ಇರುತ್ತದೆ.

ಕೇಂದ್ರ–ರಾಜ್ಯ ಸಂಬಂಧಗಳನ್ನು ಪರಿಶೀಲಿಸಿದ ಸರ್ಕಾರಿಯಾ ಆಯೋಗ, ಯಾರಿಗೂ ಬಹುಮತ ಬಾರದಿದ್ದಾಗ ರಾಜ್ಯಪಾಲರು ಯಾರನ್ನು ಮೊದಲು ಕರೆಯಬೇಕು ಎಂಬುದಕ್ಕೆ ಒಂದು ಕ್ರಮವನ್ನು ಹೇಳಿತು. ಮೊದಲ ಆದ್ಯತೆ ಚುನಾವಣೆಗೆ ಮುನ್ನವೇ ಕೂಡಿದ್ದ ಮೈತ್ರಿಕೂಟಕ್ಕೆ. ಬಳಿಕ ಇತರರ ಬೆಂಬಲ ಹೊಂದಿಸಿಕೊಂಡು ಹಕ್ಕು ಮಂಡಿಸುವ ಅತಿದೊಡ್ಡ ಪಕ್ಷಕ್ಕೆ. ಆಮೇಲೆ ಎಲ್ಲರೂ ಸಂಪುಟ ಸೇರುವ ಚುನಾವಣೋತ್ತರ ಮೈತ್ರಿಗೆ. ಕೆಲವರು ಒಳಗೆ, ಕೆಲವರು ಹೊರಗೆ ಎಂಬ ಏರ್ಪಾಡಿಗೆ ಕೊನೆಯ ಸ್ಥಾನ. ಜನರ ಮುಂದೆ ಮೊದಲೇ ಹೇಳಿ ಬಂದವರಿಗೆ ಹೆಚ್ಚಿನ ಮಾನ್ಯತೆ ಎಂಬುದು ಇದರ ಹಿಂದಿನ ತರ್ಕ.

ಬಹುಮತ ಇದೆಯೋ ಇಲ್ಲವೋ ಎಂಬುದು ರಾಜಭವನದಲ್ಲಲ್ಲ, ಸದನದಲ್ಲೇ ತೀರ್ಮಾನವಾಗಬೇಕು ಎಂಬ ನಿಯಮ ದೇಶಕ್ಕೆ ಸಿಕ್ಕಿದ್ದು ಕರ್ನಾಟಕದ ಪ್ರಕರಣದಿಂದ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಅವರಿಗೆ ಸದನದಲ್ಲಿ ಬಲ ತೋರಿಸುವ ಅವಕಾಶವನ್ನೇ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಲಾಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಇಂದಿಗೂ ಪ್ರತಿ ಅತಂತ್ರ ಸದನದ ಹೊತ್ತಿನಲ್ಲಿ ಉಲ್ಲೇಖವಾಗುತ್ತದೆ. 2018ರಲ್ಲಿ ಯಡಿಯೂರಪ್ಪನವರಿಗೆ ಗಡುವು ಬಿದ್ದದ್ದೂ ಅದೇ ದಾರಿಯಲ್ಲಿ.

ಹೆಗಡೆ ಕಾಲದ ಪಾಠ

ಬಾಹ್ಯ ಬೆಂಬಲದ ಸರ್ಕಾರ ಏನೂ ಮಾಡಲಾರದು ಎನ್ನುವವರು 1983ನ್ನು ನೆನೆಯಬೇಕು. ಆ ಜನವರಿಯಲ್ಲಿ ಕರ್ನಾಟಕ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರವನ್ನು ಕಂಡಿತು. ಜನತಾ ಪಕ್ಷ ಗೆದ್ದದ್ದು 224ರಲ್ಲಿ 95 ಸ್ಥಾನ, ಕಾಂಗ್ರೆಸ್ 82. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದದ್ದು 18 ಸ್ಥಾನಗಳ ಬಿಜೆಪಿ, ಎಡಪಕ್ಷಗಳು ಮತ್ತು ಪಕ್ಷೇತರರ ಬೆಂಬಲದಿಂದ. ಒಂದು ಕಡೆ ಬಿಜೆಪಿ, ಇನ್ನೊಂದು ಕಡೆ ಕಮ್ಯುನಿಸ್ಟರು. ನಡುವೆ ಬಹುಮತವಿಲ್ಲದ ಸರ್ಕಾರ.

ಆ ಸರ್ಕಾರ ತಂದ ಎರಡು ಶಾಸನಗಳು ಇಂದಿಗೂ ಕರ್ನಾಟಕದ ಹೆಮ್ಮೆ. ಒಂದು, 1983ರ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯಿತಿಗಳ ಕಾಯ್ದೆ; ಅದರ ಹಿಂದೆ ನಿಂತು ದುಡಿದವರು ಸಚಿವ ಅಬ್ದುಲ್ ನಜೀರ್ ಸಾಬ್. ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಕರ್ನಾಟಕ ಅಧಿಕಾರ ವಿಕೇಂದ್ರೀಕರಣದ ಕಾನೂನು ಬರೆದಿತ್ತು. ಇನ್ನೊಂದು, 1984ರ ಲೋಕಾಯುಕ್ತ ಕಾಯ್ದೆ. ಎರಡನ್ನೂ ರೂಪಿಸಿದ್ದು ಸ್ವಂತ ಬಹುಮತ ಇಲ್ಲದ ಅವಧಿಯಲ್ಲಿ.

ಅದು ಸಾಧ್ಯವಾದದ್ದಕ್ಕೆ ಕಾರಣ, ಬೆಂಬಲ ಕೊಟ್ಟವರಿಗೂ ಪಡೆದವರಿಗೂ ಸಮಾನವಾದ ಒಂದು ಗುರಿಯಿತ್ತು. ಕಾಂಗ್ರೆಸ್ಸಿಗೆ ಪರ್ಯಾಯ ಆಡಳಿತ ಸಾಧ್ಯ ಎಂದು ತೋರಿಸಬೇಕಿತ್ತು. ಬೀಳಿಸಿದರೆ ಮರಳಿ ಬರುವುದು ಕಾಂಗ್ರೆಸ್ಸೇ ಎಂಬ ಅಂಜಿಕೆಯೂ ಇತ್ತು. 1984ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ನಾಲ್ಕೇ ಸಿಕ್ಕಾಗ ಹೆಗಡೆಯವರು, ಯಾರೂ ಬೀಳಿಸದಿದ್ದರೂ, ಜನರ ವಿಶ್ವಾಸ ಹೋಗಿದೆಯೆಂದು ರಾಜೀನಾಮೆ ಕೊಟ್ಟು ಹೊಸ ಚುನಾವಣೆಗೆ ಹೋದರು. 1985ರಲ್ಲಿ 139 ಸ್ಥಾನಗಳೊಂದಿಗೆ ಮರಳಿದರು.

ದೆಹಲಿಯ ಕಾಲು ಶತಮಾನ

1989ರಿಂದ 2014ರವರೆಗೆ ಲೋಕಸಭಾ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಒಂಟಿಯಾಗಿ ಬಹುಮತ ಬರಲಿಲ್ಲ. ಈ ಅವಧಿಯನ್ನು ಅಸ್ಥಿರತೆಯ ಕಾಲವೆಂದು ಹೇಳುವುದು ವಾಡಿಕೆ. ವಿ.ಪಿ. ಸಿಂಗ್ ಸರ್ಕಾರ ಒಂದು ವರ್ಷ ತುಂಬಲಿಲ್ಲ. ಚಂದ್ರಶೇಖರ್ ಸರ್ಕಾರ ಅದಕ್ಕಿಂತ ಬೇಗ ಉರುಳಿತು. 1996ರಲ್ಲಿ ವಾಜಪೇಯಿ ಹದಿಮೂರು ದಿನ, 1998ರಲ್ಲಿ ಬಂದಾಗ ಹದಿಮೂರು ತಿಂಗಳು. ಇದೆಲ್ಲ ನಿಜ.

ಆದರೆ ಅದೇ ಕಾಲದ ಇನ್ನೊಂದು ಪಟ್ಟಿಯನ್ನೂ ಓದಬೇಕು. 1996ರ ಜೂನ್ 1ರಂದು ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ಅವರ ಜನತಾದಳಕ್ಕೆ ಇದ್ದದ್ದು 46 ಸಂಸದರು; ಅದರಲ್ಲಿ 16 ಮಂದಿ ಕರ್ನಾಟಕದವರು. ಹದಿಮೂರು ಪಕ್ಷಗಳ ಸಂಯುಕ್ತ ರಂಗ, ಹೊರಗಿನಿಂದ ಕಾಂಗ್ರೆಸ್ ಬೆಂಬಲ. ಹತ್ತೂವರೆ ತಿಂಗಳ ಆ ಸರ್ಕಾರವೇ ಬಾಂಗ್ಲಾದೇಶದೊಂದಿಗೆ ಗಂಗಾ ನದಿ ನೀರು ಹಂಚಿಕೆಯ ಮೂವತ್ತು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿತು. ಅದಕ್ಕೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರ ಒಪ್ಪಿಗೆ ಮುಖ್ಯವಾಗಿತ್ತು. ಬಸು ಅವರ ಪಕ್ಷ ರಂಗದ ಜೊತೆಗಿದ್ದದ್ದು ನೆರವಿಗೆ ಬಂತು. ಮಹಿಳಾ ಮೀಸಲಾತಿ ಮಸೂದೆ ಸಂಸತ್ತಿನಲ್ಲಿ ಮೊದಲು ಮಂಡನೆಯಾದದ್ದೂ 1996ರ ಸೆಪ್ಟೆಂಬರಿನಲ್ಲಿ, ಅದೇ ಸರ್ಕಾರದಿಂದ. ಅದು ಅಂಗೀಕಾರವಾಗಲು 2023 ಬರಬೇಕಾಯಿತು.

1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆ ನಡೆಸಿದ್ದು ಎರಡು ತಿಂಗಳೂ ತುಂಬದ ಮೈತ್ರಿ ಸರ್ಕಾರ. ಮಾಹಿತಿ ಹಕ್ಕು ಕಾಯ್ದೆ, ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆ ಎರಡೂ ಬಂದದ್ದು 2005ರಲ್ಲಿ, ಯುಪಿಎ ಕಾಲದಲ್ಲಿ. ಎಡಪಕ್ಷಗಳ ಬಾಹ್ಯ ಬೆಂಬಲದ ಮೇಲೆ ನಿಂತಿದ್ದ ಆ ಸರ್ಕಾರ 2004ರಲ್ಲೇ ಕನಿಷ್ಠ ಸಾಮಾನ್ಯ ಕಾರ್ಯಕ್ರಮವನ್ನು ಅಚ್ಚು ಹಾಕಿ ಪ್ರಕಟಿಸಿತ್ತು. ಉದ್ಯೋಗ ಖಾತ್ರಿ ಅದರಲ್ಲಿ ಬರೆದಿಟ್ಟ ಭರವಸೆ. ಮುಂದೆ ಮಿತ್ರರ ನಡುವೆ ಒಡಕು ಬಂದದ್ದು ಅಮೆರಿಕದ ಜೊತೆಗಿನ ಅಣು ಒಪ್ಪಂದದ ಬಗ್ಗೆ, ಅಂದರೆ ನೀತಿಯ ಪ್ರಶ್ನೆಯ ಮೇಲೆ. 2008ರ ಜುಲೈನಲ್ಲಿ ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡವು. 275–256ರಲ್ಲಿ ಸರ್ಕಾರ ಉಳಿಯಿತು.

ಮೈತ್ರಿಯ ಬೆಲೆಯೂ ದೆಹಲಿಯಲ್ಲಿ ಕಂಡಿದೆ. 2012ರ ಮಾರ್ಚ್ 14ರಂದು ರೈಲ್ವೆ ಸಚಿವ ದಿನೇಶ್ ತ್ರಿವೇದಿ ಪ್ರಯಾಣ ದರ ಏರಿಸುವ ಬಜೆಟ್ ಮಂಡಿಸಿದರು. ಅದನ್ನು ವಿರೋಧಿಸಿದ್ದು ವಿರೋಧ ಪಕ್ಷಕ್ಕಿಂತ ಮೊದಲು ಅವರದೇ ತೃಣಮೂಲ ಕಾಂಗ್ರೆಸ್. ಮಮತಾ ಬ್ಯಾನರ್ಜಿ ಸಚಿವರನ್ನೇ ಬದಲಿಸಲು ಪಟ್ಟು ಹಿಡಿದರು. ಕೆಲವೇ ದಿನಗಳಲ್ಲಿ ತ್ರಿವೇದಿ ಹೋಗಿ ಮುಕುಲ್ ರಾಯ್ ಬಂದರು. ಸಚಿವ ಯಾರಿಗೆ ಉತ್ತರದಾಯಿ? ಪ್ರಧಾನಿಗೋ, ತನ್ನ ಪಕ್ಷದ ಅಧ್ಯಕ್ಷರಿಗೋ? ಮೈತ್ರಿ ಸರ್ಕಾರಗಳು ಈ ಪ್ರಶ್ನೆಗೆ ಸಮಾಧಾನಕರ ಉತ್ತರವನ್ನು ಇನ್ನೂ ಕೊಟ್ಟಿಲ್ಲ.

ಮೂರು ಪ್ರಯೋಗ, ಒಂದೇ ಕಾಯಿಲೆ

ಈಗ ಕರ್ನಾಟಕಕ್ಕೆ ಮರಳೋಣ. ಈ ಶತಮಾನದಲ್ಲಿ ಇಲ್ಲಿ ಮೂರು ಮೈತ್ರಿ ಸರ್ಕಾರಗಳು ಬಂದವು. ಮೂರೂ ಹುಟ್ಟಿದ್ದು ಫಲಿತಾಂಶದ ನಂತರ. ಮೂರರಲ್ಲಿ ಒಂದೂ ಎರಡು ವರ್ಷ ಪೂರೈಸಲಿಲ್ಲ.

2004ರಲ್ಲಿ ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಕಾಂಗ್ರೆಸ್ಸಿನ ಧರ್ಮಸಿಂಗ್ ಮುಖ್ಯಮಂತ್ರಿ, ಜೆಡಿಎಸ್‌ನ ಸಿದ್ದರಾಮಯ್ಯ ಉಪಮುಖ್ಯಮಂತ್ರಿ. ಮರುವರ್ಷ ಸಿದ್ದರಾಮಯ್ಯ ಸಂಪುಟದಿಂದ ಹೊರಬಿದ್ದರು. ಅದಾದ ಕೆಲವೇ ತಿಂಗಳಿಗೆ ಕುಮಾರಸ್ವಾಮಿ ತಮ್ಮ ಪಕ್ಷದ ಬಹುಪಾಲು ಶಾಸಕರೊಂದಿಗೆ ಬಿಜೆಪಿಯ ಕಡೆ ವಾಲಿದರು. 2006ರ ಫೆಬ್ರುವರಿ 3ರಂದು ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಉಪಮುಖ್ಯಮಂತ್ರಿ. ಒಪ್ಪಂದ ಸರಳ: ತಲಾ ಇಪ್ಪತ್ತು ತಿಂಗಳು ಅಧಿಕಾರ. ಪತ್ರಿಕೆಗಳು ‘ಟ್ವೆಂಟಿ–ಟ್ವೆಂಟಿ ಸರ್ಕಾರ’ ಎಂದು ಹೆಸರಿಟ್ಟವು.

2007ರ ಅಕ್ಟೋಬರಿನಲ್ಲಿ ಇಪ್ಪತ್ತು ತಿಂಗಳು ಮುಗಿದವು, ಕುರ್ಚಿ ಕೈಬದಲಾಗಲಿಲ್ಲ. ಬಿಜೆಪಿ ಬೆಂಬಲ ಹಿಂಪಡೆಯಿತು, ರಾಷ್ಟ್ರಪತಿ ಆಳ್ವಿಕೆ ಬಂತು. ಮತ್ತೆ ರಾಜಿಯಾಗಿ ನವೆಂಬರ್ 12ರಂದು ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿದರು. ಆಗ ಜೆಡಿಎಸ್ ಕಡೆಯಿಂದ ಷರತ್ತುಗಳು ಬಂದವು. ಬಿಜೆಪಿ ಒಪ್ಪಲಿಲ್ಲ. ಏಳನೆಯ ದಿನ, ನವೆಂಬರ್ 19ರಂದು, ವಿಶ್ವಾಸಮತಕ್ಕೂ ಮುನ್ನ ರಾಜೀನಾಮೆ. ಸರ್ಕಾರ ಹುಟ್ಟುವ ಮೊದಲು ಕೂತು ಬರೆಯಬೇಕಿದ್ದ ಷರತ್ತುಗಳು, ಪ್ರಮಾಣವಚನ ಆದ ಮೇಲೆ ಮೇಜಿಗೆ ಬಂದಿದ್ದವು. ‘ವಚನಭ್ರಷ್ಟತೆ’ಯೇ ಪ್ರಚಾರದ ವಸ್ತುವಾದ 2008ರ ಚುನಾವಣೆಯಲ್ಲಿ ಬಿಜೆಪಿ 110ಕ್ಕೆ ಏರಿತು, ಜೆಡಿಎಸ್ 28ಕ್ಕೆ ಇಳಿಯಿತು.

2018ರಲ್ಲಿ ಬರವಣಿಗೆಯೇನೋ ಆಯಿತು. ಜೂನ್ 1ರಂದು ಎರಡೂ ಪಕ್ಷಗಳು ಪ್ರಕಟಿಸಿದ ಒಪ್ಪಂದದ ತಿರುಳು ಖಾತೆ ಹಂಚಿಕೆ: 34ರ ಸಂಪುಟದಲ್ಲಿ ಕಾಂಗ್ರೆಸ್ಸಿಗೆ 22, ಜೆಡಿಎಸ್‌ಗೆ 12, ಹಣಕಾಸು ಜೆಡಿಎಸ್‌ಗೆ, ಗೃಹ ಕಾಂಗ್ರೆಸ್ಸಿಗೆ. ಸಿದ್ದರಾಮಯ್ಯ ಅಧ್ಯಕ್ಷತೆಯಲ್ಲಿ ಸಮನ್ವಯ ಸಮಿತಿಯಾಯಿತು. ಕನಿಷ್ಠ ಸಾಮಾನ್ಯ ಕಾರ್ಯಕ್ರಮದ ಕರಡು ಸಿದ್ಧಪಡಿಸಲು ವೀರಪ್ಪ ಮೊಯಿಲಿ ನೇತೃತ್ವದ ಸಮಿತಿ ಆಯಿತು. ಕ್ರಮ ಮಾತ್ರ ತಿರುವುಮುರುವು: ಮೊದಲು ಕುರ್ಚಿ, ಆಮೇಲೆ ಖಾತೆ, ಕೊನೆಗೆ ಕಾರ್ಯಕ್ರಮ. ಜುಲೈ ಬಜೆಟ್ಟಿನಲ್ಲಿ ಪ್ರಕಟವಾದ 34 ಸಾವಿರ ಕೋಟಿ ರೂಪಾಯಿಯ ರೈತರ ಸಾಲಮನ್ನಾ ಕೂಡ ಜನರ ಕಣ್ಣಿಗೆ ಜೆಡಿಎಸ್‌ನ ಭರವಸೆಯಾಗಿಯೇ ಕಂಡಿತು, ದೋಸ್ತಿಗಳ ಒಟ್ಟು ಸಾಧನೆಯಾಗಿ ಅಲ್ಲ. ಅದೇ ತಿಂಗಳು ಮುಖ್ಯಮಂತ್ರಿಯೇ ತಮ್ಮ ಪಕ್ಷದ ಸಮಾರಂಭದಲ್ಲಿ, ತಾವು ವಿಷ ನುಂಗಿದ ವಿಷಕಂಠ ಎಂದು ಕಣ್ಣೀರು ಹಾಕಿದರು.

ನಿಜವಾದ ಬಿರುಕು ವಿಧಾನಸೌಧದಲ್ಲಿ ಅಲ್ಲ, ಹೋಬಳಿ ಮಟ್ಟದಲ್ಲಿತ್ತು. 2018ರ ವಿಧಾನಸಭೆಯಲ್ಲಿ ಎರಡೂ ಪಕ್ಷಗಳ ಮತಪ್ರಮಾಣ ಕೂಡಿಸಿದರೆ ಶೇ 56ರ ಆಸುಪಾಸು. ಹಾಗಾಗಿ 2019ರ ಲೋಕಸಭೆಗೆ ಕಾಂಗ್ರೆಸ್ 21, ಜೆಡಿಎಸ್ 7 ಎಂದು ಕ್ಷೇತ್ರ ಹಂಚಿಕೊಂಡಾಗ ಕಾಗದದ ಮೇಲೆ ಗೆಲುವು ಖಚಿತವೆನಿಸಿತ್ತು. ಗೆದ್ದದ್ದು ತಲಾ ಒಂದೇ ಸ್ಥಾನ. ತುಮಕೂರಿನಲ್ಲಿ ದೇವೇಗೌಡರೇ ಸೋತರು. ಮಂಡ್ಯದಲ್ಲಿ ಮುಖ್ಯಮಂತ್ರಿಯ ಮಗ ಪಕ್ಷೇತರ ಅಭ್ಯರ್ಥಿ ಸುಮಲತಾ ಎದುರು ಸೋತರು. ಬಿಜೆಪಿಗೆ 25. ದಶಕಗಳಿಂದ ಗ್ರಾಮ ಪಂಚಾಯಿತಿ, ಸಹಕಾರ ಸಂಘ, ಎಪಿಎಂಸಿಗಳಲ್ಲಿ ಎದುರುಬದುರು ನಿಂತ ಕಾರ್ಯಕರ್ತರು, ಬೆಂಗಳೂರಿನಲ್ಲಿ ನಾಯಕರು ಕೈಕುಲುಕಿದರೆಂದು ಮತ ವರ್ಗಾಯಿಸಲಿಲ್ಲ. ನೆರೆಹೊರೆಯ ಇಬ್ಬರು ರೈತರು ಬದುವಿನ ವ್ಯಾಜ್ಯ ಇತ್ಯರ್ಥ ಮಾಡಿಕೊಳ್ಳದೆ ಜಂಟಿಯಾಗಿ ಬೋರ್‌ವೆಲ್ ಕೊರೆಸಿದ ಹಾಗಾಗಿತ್ತು ಅದು.

ಎರಡೇ ತಿಂಗಳಲ್ಲಿ ಸರ್ಕಾರ ಬಿತ್ತು. ಸಂಪುಟ ಪುನಾರಚನೆಯಲ್ಲಿ ಸ್ಥಾನ ಕಳೆದುಕೊಂಡಿದ್ದ ರಮೇಶ ಜಾರಕಿಹೊಳಿ ಬಂಡಾಯದ ಮುಂಚೂಣಿಯಲ್ಲಿದ್ದರು. ಶಾಸಕರು ಮುಂಬೈಯ ಹೋಟೆಲ್ ಸೇರಿದರು. ಸ್ಪೀಕರ್ ರಮೇಶ್ ಕುಮಾರ್ 17 ಮಂದಿಯನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಆ ವರ್ಷದ ನವೆಂಬರಿನಲ್ಲಿ ಅನರ್ಹತೆಯನ್ನು ಎತ್ತಿಹಿಡಿದರೂ, ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ಭಾಗವನ್ನು ತೆಗೆದುಹಾಕಿತು. ಡಿಸೆಂಬರಿನ ಉಪಚುನಾವಣೆಯಲ್ಲಿ 15ರಲ್ಲಿ 12 ಸ್ಥಾನ ಬಿಜೆಪಿಗೆ ಹೋದವು. ಪಕ್ಷಾಂತರಿಗಳಿಗೆ ಶಿಕ್ಷೆ ಕೊಡಬೇಕಾದ ಕೆಲಸವನ್ನು ಕಾನೂನೂ ಪೂರ್ತಿ ಮಾಡಲಿಲ್ಲ, ಮತದಾರರೂ ಮಾಡಲಿಲ್ಲ.

ಕೇರಳ, ಬಂಗಾಳದಲ್ಲಿ ಬೇರೆಯೇ ಕಥೆ

ಕೇರಳದಲ್ಲಿ ಒಂದೇ ಪಕ್ಷ ಆಳುವುದು ಅಪರೂಪ. 1980ರ ದಶಕದ ಆರಂಭದಿಂದ ಅಲ್ಲಿನ ರಾಜಕೀಯ ಎಲ್‌ಡಿಎಫ್ ಮತ್ತು ಯುಡಿಎಫ್ ಎಂಬ ಎರಡು ರಂಗಗಳ ಸುತ್ತ ತಿರುಗುತ್ತಿದೆ. ಮುಸ್ಲಿಂ ಲೀಗ್ ಇರಲಿ, ಹಲವು ಬಣಗಳ ಕೇರಳ ಕಾಂಗ್ರೆಸ್ ಇರಲಿ, ಸಿಪಿಐ ಇರಲಿ, ಯಾರು ಯಾವ ರಂಗದಲ್ಲಿದ್ದಾರೆ ಎಂಬುದು ಮತದಾರನಿಗೆ ಮತಗಟ್ಟೆಗೆ ಹೋಗುವ ಮುನ್ನವೇ ಗೊತ್ತು. ಬಣಗಳು ರಂಗ ಬದಲಿಸುವುದುಂಟು, ಆದರೆ ಸಾಮಾನ್ಯವಾಗಿ ಚುನಾವಣೆಗೆ ಮೊದಲು. ಎರಡು ರಂಗಗಳು ಸರದಿಯಂತೆ ಅಧಿಕಾರಕ್ಕೆ ಬಂದು ಹೋದವು. ಆ ಸರದಿ ಮುರಿದದ್ದು 2021ರಲ್ಲಿ.

ಪಶ್ಚಿಮ ಬಂಗಾಳದ ಎಡರಂಗ 1977ರಿಂದ 2011ರವರೆಗೆ 34 ವರ್ಷ ಆಳಿತು. 1977ರಲ್ಲಿ 294ರ ಸದನದಲ್ಲಿ ಸಿಪಿಎಂ ಒಂದೇ 178 ಗೆದ್ದಿತ್ತು, ಮಿತ್ರರ ಹಂಗೇ ಬೇಕಿರಲಿಲ್ಲ. ಆದರೂ ಫಾರ್ವರ್ಡ್ ಬ್ಲಾಕ್, ಆರ್‌ಎಸ್‌ಪಿಗಳನ್ನು ಬಿಡದೆ ಸಂಪುಟದಲ್ಲಿ ಇಟ್ಟುಕೊಂಡಿತು. ಅಗತ್ಯವಿಲ್ಲದಾಗಲೂ ಮಿತ್ರನನ್ನು ಕೈಬಿಡದಿದ್ದರೆ ಅಗತ್ಯ ಬಿದ್ದಾಗ ಅವನು ಜೊತೆಗಿರುತ್ತಾನೆ ಎಂಬ ಸರಳ ತಿಳಿವಳಿಕೆ ಅದರ ಹಿಂದಿತ್ತು.

ಚುನಾವಣಾ ಪೂರ್ವ ಮೈತ್ರಿ ಎಂದ ಮಾತ್ರಕ್ಕೆ ಎಲ್ಲವೂ ಸುಗಮವಲ್ಲ. 2019ರಲ್ಲಿ ಮಹಾರಾಷ್ಟ್ರದಲ್ಲಿ ಬಿಜೆಪಿ 105, ಶಿವಸೇನೆ 56 ಗೆದ್ದು ಮೈತ್ರಿಕೂಟಕ್ಕೆ ಸ್ಪಷ್ಟ ಬಹುಮತ ಬಂತು. ಮುಖ್ಯಮಂತ್ರಿ ಹುದ್ದೆ ಹಂಚಿಕೊಳ್ಳುವ ಮಾತಾಗಿತ್ತು ಎಂದು ಒಬ್ಬರು, ಆಗಿರಲಿಲ್ಲ ಎಂದು ಇನ್ನೊಬ್ಬರು. ನೋಡಲು ಬರಹವಿರಲಿಲ್ಲ. ಮೈತ್ರಿ ಮುರಿದು ಉದ್ಧವ್ ಠಾಕ್ರೆ ಕಾಂಗ್ರೆಸ್, ಎನ್‌ಸಿಪಿ ಜೊತೆ ಸೇರಿ ಸರ್ಕಾರ ಮಾಡಿದರು. 2022ರಲ್ಲಿ ಶಿವಸೇನೆಯೇ ಒಡೆದು ಅದೂ ಬಿತ್ತು. ಮೊದಲೇ ಸೇರಿದರಷ್ಟೇ ಸಾಲದು, ಮೊದಲೇ ಬರೆದುಕೊಳ್ಳಲೂ ಬೇಕು.

ಕಾನೂನು ಎಲ್ಲಿಯವರೆಗೆ

1985ರ ಪಕ್ಷಾಂತರ ನಿಷೇಧ ಕಾಯ್ದೆ ಮೂರನೇ ಒಂದು ಭಾಗ ಶಾಸಕರು ಒಡೆದು ಹೋಗಲು ದಾರಿ ಬಿಟ್ಟಿತ್ತು. 2003ರ 91ನೇ ತಿದ್ದುಪಡಿ ಆ ದಾರಿ ಮುಚ್ಚಿತು. ಮೂರನೇ ಎರಡು ಭಾಗದ ವಿಲೀನಕ್ಕೆ ಮಾತ್ರ ರಿಯಾಯಿತಿ ಉಳಿಯಿತು. ಸಂಪುಟದ ಗಾತ್ರ ಸದನದ ಶೇ 15 ಮೀರಬಾರದು ಎಂಬ ಮಿತಿಯನ್ನೂ ಅದೇ ತಂದಿತು. ಕರ್ನಾಟಕದ ಸಂಪುಟ 34ಕ್ಕೆ ನಿಂತದ್ದು ಹೀಗೆ. ಮಂತ್ರಿಗಿರಿ ಸಿಗದವರ ಒತ್ತಡ ನಿಗಮ–ಮಂಡಳಿಗಳ ಕಡೆ ಹರಿಯಿತು. ವಿಲೀನಕ್ಕೆ ಸಂಖ್ಯೆ ಸಾಲದವರು ರಾಜೀನಾಮೆ ಕೊಟ್ಟು ಉಪಚುನಾವಣೆಗೆ ನಿಲ್ಲುವ ಒಳದಾರಿ ಕಂಡುಕೊಂಡರು. ‘ಆಪರೇಷನ್ ಕಮಲ’ ಎಂದು ರಾಜ್ಯದಲ್ಲಿ 2008ರಿಂದ ಚಾಲ್ತಿಗೆ ಬಂದ ಮಾತು ಈ ಒಳದಾರಿಯದೇ.

ಜರ್ಮನಿ ಬೇರೆ ಉಪಾಯ ಮಾಡಿದೆ. ಅಲ್ಲಿ ಚಾನ್ಸಲರ್ ವಿರುದ್ಧ ಅವಿಶ್ವಾಸ ತರಬೇಕಾದರೆ ಮುಂದಿನ ಚಾನ್ಸಲರ್ ಯಾರೆಂದು ಅದೇ ಮತದಲ್ಲಿ ಆರಿಸಬೇಕು. 1982ರಲ್ಲಿ ಹೆಲ್ಮುಟ್ ಶ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದದ್ದು ಹಾಗೆ. ನಮ್ಮಲ್ಲಿ 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರವನ್ನು 270–269ರಲ್ಲಿ, ಒಂದೇ ಮತದಿಂದ, ಬೀಳಿಸಿದವರಿಗೆ ಪರ್ಯಾಯ ಸರ್ಕಾರ ಮಾಡಲಾಗಲಿಲ್ಲ. ದೇಶ ಚುನಾವಣೆಗೆ ಹೋಯಿತು. ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ನೇತೃತ್ವದ ಸಂವಿಧಾನ ಕಾರ್ಯನಿರ್ವಹಣೆ ಪರಾಮರ್ಶೆ ಆಯೋಗ 2002ರಲ್ಲಿ ಇಂಥದೇ ವ್ಯವಸ್ಥೆಯನ್ನು ಶಿಫಾರಸು ಮಾಡಿತು. ಅದು ಜಾರಿಗೆ ಬಂದಿಲ್ಲ.

ಮತದಾರ ಕೇಳಬೇಕಾದ ಪ್ರಶ್ನೆ

ಮೈತ್ರಿಯ ಕಾಲ ಮುಗಿಯಿತು ಎಂದು 2014ರ ನಂತರ ಹಲವರು ಬರೆದರು. 2024ರಲ್ಲಿ ಬಿಜೆಪಿ 240ಕ್ಕೆ ನಿಂತು, 16 ಸ್ಥಾನದ ತೆಲುಗುದೇಶಂ ಮತ್ತು 12 ಸ್ಥಾನದ ಜೆಡಿಯು ಇಲ್ಲದೆ ಬಹುಮತ ಕಷ್ಟವಾದಾಗ ಅದು ಮರಳಿತು. ಎರಡು ಸ್ಥಾನ ಗೆದ್ದ ಜೆಡಿಎಸ್‌ನ ಕುಮಾರಸ್ವಾಮಿ ಕೇಂದ್ರ ಸಚಿವರಾದರು. ಈ ಬಾರಿ ಅವರ ಪಕ್ಷ ಎನ್‌ಡಿಎ ಸೇರಿದ್ದು ಚುನಾವಣೆಗೆ ಮುಂಚೆ, 2023ರ ಸೆಪ್ಟೆಂಬರಿನಲ್ಲಿ. ಮಂಡ್ಯ, ಕೋಲಾರದ ಮತದಾರರಿಗೆ ತಾವು ಯಾವ ಕೂಟಕ್ಕೆ ಮತ ಹಾಕುತ್ತಿದ್ದೇವೆಂದು ಗೊತ್ತಿತ್ತು. ಆ ಮೈತ್ರಿಯನ್ನು ಒಪ್ಪುವುದು, ಬಿಡುವುದು ಬೇರೆ ಮಾತು. ಅದು ಜನರ ಕಣ್ಣೆದುರು ಆಯಿತು ಎಂಬುದು ಮುಖ್ಯ.

ಇಷ್ಟೊಂದು ಜಾತಿ, ಭಾಷೆ, ಪ್ರದೇಶಗಳ ದೇಶದಲ್ಲಿ ಒಂದೇ ಪಕ್ಷ ಎಲ್ಲರ ಮಾತನ್ನೂ ಆಡಲಾರದು. ಮೈತ್ರಿ ಇಲ್ಲಿ ಪ್ರಜಾಪ್ರಭುತ್ವದ ಸಹಜ ರೂಪಗಳಲ್ಲಿ ಒಂದು. ಆದರೆ ಅದರ ಷರತ್ತುಗಳು ಮತದಾನದ ಮೊದಲು ಬರೆಯಲ್ಪಡಬೇಕು, ಬರೆದದ್ದು ಜನರ ಕೈಗೆ ಸಿಗಬೇಕು, ಅದರಲ್ಲಿ ಖಾತೆಗಳಿಗಿಂತ ಮೊದಲು ಕೆಲಸಗಳ ಪಟ್ಟಿ ಇರಬೇಕು. ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಮುಂದಿನ ಚುನಾವಣೆಯಲ್ಲಿ ಅಭ್ಯರ್ಥಿ ನಿಮ್ಮ ಮನೆ ಬಾಗಿಲಿಗೆ ಬಂದಾಗ ರಸ್ತೆ, ನೀರು, ಗ್ಯಾರಂಟಿಗಳ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ‘ನಿಮ್ಮ ಪಕ್ಷಕ್ಕೆ ಬಹುಮತ ಬಾರದಿದ್ದರೆ ಯಾರ ಜೊತೆ ಹೋಗುತ್ತೀರಿ, ಯಾವ ಕೆಲಸಕ್ಕಾಗಿ ಹೋಗುತ್ತೀರಿ?’ ಉತ್ತರ ಕೊಡದವರಿಗೆ ಮತ ಕೊಡುವ ಮುನ್ನ ಎರಡು ಸಲ ಯೋಚಿಸಿ.